ಊರಿಗೆ ಹೊರಟವನ ಪೆಟ್ಟಿಗೆ

ಅಬ್ದುಲ್ ಲತೀಫನಿಗೆ ರಜೆ ಸಿಕ್ಕಿದ ಸುದ್ದಿ ಊರಿನಲ್ಲಿರುವ ಅವನ ಹೆಂಡತಿಗೆ ತಲುಪುವ ಮೊದಲೇ ಕತಾರಿನ ಮುಐದರಿನಿಂದ ಉಮ್ಮ್ ಸಲಾಲಿನವರೆಗೆ ಇದ್ದಬದ್ದ ಕನ್ನಡಿಗರಿಗೆಲ್ಲ ತಲುಪಿಬಿಡುತ್ತಿತ್ತು. ಮೊಬೈಲ್ ಫೋನು ದೊಡ್ಡ ಸಾಹುಕಾರರ ಕೈಯಲ್ಲಿ ಮಾತ್ರ ಕಾಣುತ್ತಿದ್ದ ಕಾಲ ಅದು. ಆದರೂ ಸುದ್ದಿ ಹೇಗೆ ಹಬ್ಬುತ್ತಿತ್ತೋ ದೇವರೇ ಬಲ್ಲ. ಬೆಳಿಗ್ಗೆ ಮ್ಯಾನೇಜರು ರಜೆಗೆ ಸಹಿ ಹಾಕಿದರೆ, ಸಂಜೆ ಅವನು ಅಲ್ ಸದ್ದ್ ಬಡಾವಣೆಯ ಪಾತ್ರೆ ಅಂಗಡಿಯಿಂದ ಕೋಣೆಗೆ ಬರುವಷ್ಟರಲ್ಲಿ ಮಂಚದ ಮೇಲೆ ಯಾರದೋ ಪೊಟ್ಟಣ ಬಂದು ಕೂತಿರುತ್ತಿತ್ತು.

ಕತಾರಿನಲ್ಲಿದ್ದ ನಮ್ಮವರ ಪದ್ಧತಿಯೇ ಹಾಗೆ. ಊರಿಗೆ ಹೊರಟವನನ್ನು ಮನುಷ್ಯ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಅವನೊಂದು ವಾಹನ. ಒಬ್ಬನ ಅಮ್ಮನ ಮೊಣಕಾಲಿಗೆ ಎಣ್ಣೆ, ಇನ್ನೊಬ್ಬನ ತಂಗಿಗೆ ಸೀರೆ, ಮತ್ತೊಬ್ಬನ ಮಗುವಿಗೆ ಹಾಲಿನ ಪುಡಿಯ ಡಬ್ಬ, ಹೊದಿಕೆ, ಟಾರ್ಚು, ಧ್ವನಿ ತುಂಬಿದ ಕ್ಯಾಸೆಟ್ಟು. ಎಲ್ಲರೂ ಹೇಳುವ ಮಾತು ಒಂದೇ: "ಸಣ್ಣದು, ಭಾರ ಇಲ್ಲ." ಭಾರ ಇಲ್ಲದ ಇಂಥ ಪೊಟ್ಟಣಗಳೇ ಸೇರಿ ತೂಕದ ಯಂತ್ರದ ಮುಳ್ಳನ್ನು ಕೊನೆ ಮುಟ್ಟಿಸುತ್ತಿದ್ದವು. ಬೇಡ ಎನ್ನುವ ಹಾಗಿರಲಿಲ್ಲ. ಬೇಡ ಎಂದವನು ದುರಹಂಕಾರಿ, ಊರು ಮರೆತವನು, ನಾಳೆ ಅವನು ಸತ್ತರೆ ಹೆಣ ಎತ್ತಲೂ ಜನ ಬರಲಿಕ್ಕಿಲ್ಲ ಎಂಬಲ್ಲಿಯವರೆಗೆ ಮಾತು ಹೋಗುತ್ತಿತ್ತು.

ಲತೀಫನಂತೂ ಬೇಡ ಎನ್ನುವ ಕಲೆಯನ್ನೇ ಕಲಿತವನಲ್ಲ. ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಸಾಮಾನು ಕೇಳಿದರೆ ದಿನವಿಡೀ ಅರಬ್ಬಿಯಲ್ಲಿ "ಮಾಫಿ, ಮಾಫಿ", ಇಲ್ಲ ಇಲ್ಲ, ಎಂದು ಕೈಯಾಡಿಸುತ್ತಿದ್ದವನು, ಕನ್ನಡಿಗರು ಕೂಡಿ ಬಾಡಿಗೆಗಿದ್ದ ಮುಐದರಿನ ವಿಲ್ಲಾದ ಮೆಟ್ಟಿಲು ಹತ್ತುತ್ತಿದ್ದಂತೆ ಹೌದಪ್ಪನಾಗಿಬಿಡುತ್ತಿದ್ದ. ಕರಾವಳಿಯ ಹುಡುಗರು "ಲತೀಫಾಕ" ಎಂದರೆ ಮುಗಿಯಿತು, ಬಯಲುಸೀಮೆಯವರು "ಲತೀಫ್ ಭಾಯಿ" ಎಂದರೂ ಮುಗಿಯಿತು. ಬೊಂಬಾಯಿಯಲ್ಲಿ ಇಳಿದು ಮಂಗಳೂರು ಬಸ್ಸು ಹಿಡಿದರೆ ಅದು ಹುಬ್ಬಳ್ಳಿಯ ಮೇಲೆಯೇ ಹೋಗುತ್ತಿತ್ತು. ಅಲ್ಲಿ ಬಯಲುಸೀಮೆಯವರ ಅಣ್ಣ, ಮಾವ, ಅತ್ತೆ ಎಲ್ಲರೂ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತಿದ್ದರು. ಊಟಕ್ಕೆಂದು ಬಸ್ಸು ನಿಂತಷ್ಟು ಹೊತ್ತೂ ಲತೀಫ ಊಟ ಬಿಟ್ಟು ಹೆಸರು ಕೂಗಿ ಸಾಮಾನು ಹಂಚುತ್ತಿದ್ದ. ಉಳಿದದ್ದು ಕರಾವಳಿಯವರ ಪಾಲು. ಅದನ್ನು ರಜೆಯ ಮೊದಲ ವಾರ ಮನೆಮನೆಗೆ ಮುಟ್ಟಿಸಬೇಕು.

ಅವನ ಮಗಳು ಹಿಬಾ ಅಕ್ಷರ ಕಲಿತದ್ದೇ ಆ ಪೊಟ್ಟಣಗಳ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರುಗಳಿಂದ. ಕಳೆದ ಸಲ ಪೆಟ್ಟಿಗೆಯ ಹಗ್ಗ ಬಿಚ್ಚಿದಾಗ ಅವಳು ಒಂದೊಂದನ್ನೇ ಎತ್ತಿ, ಕೂಡಿಸಿ ಕೂಡಿಸಿ ಓದಿ, ಕೆಳಗಿಟ್ಟಿದ್ದಳು. ಜಾಬಿರನ ಮನೆಗೆ, ಫವಾಝನ ಮನೆಗೆ, ಮಹಮೂದನ ಮನೆಗೆ. ಕೊನೆಗೆ ಪೆಟ್ಟಿಗೆಯ ತಳ ಕಂಡಿತು. ಲತೀಫನ ಹೆಂಡತಿ ಝಾಹಿದಾ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಬೈದಿದ್ದರೆ ವಾಸಿಯಿತ್ತು ಎಂದು ಲತೀಫನಿಗೆ ಅನಿಸಿತು. ಹೊರಡುವ ದಿನ ಅವನು ಮಗಳ ತಲೆ ಮುಟ್ಟಿ, ಮುಂದಿನ ಸಲ ನಿನಗೊಂದು ಫಾರಿನ್ ಸೈಕಲ್ ತರುತ್ತೇನೆ ಎಂದು ಮಾತು ಕೊಟ್ಟಿದ್ದ. ಮಾತು ಕೊಟ್ಟು ಎರಡು ವರ್ಷ ಆಗುತ್ತ ಬಂದಿತ್ತು. ಸೈಕಲ್ಲು ಅಂಗಡಿಯಲ್ಲಿತ್ತು, ಅದು ಹೋಗಲು ಪೆಟ್ಟಿಗೆಯಲ್ಲಿ ಜಾಗ ಎಲ್ಲಿತ್ತು?

ಇಂಥ ಹೊತ್ತಿನಲ್ಲಿ ಮುಐದರಿನ ಆ ವಿಲ್ಲಾಕ್ಕೆ ಸೋಮನಾಥ ಬಂದ. ಧಾರವಾಡದ ಕಡೆಯವನು, ಕತಾರಿಗೆ ಬಂದು ಕೆಲವು ವರ್ಷವಾಗಿತ್ತು, ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಕಂಪನಿಯವರು ಅವನನ್ನು ಯಾವುದೋ ಹೋಟೆಲಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಕಳಿಸಿದ್ದರು. ವಿಷಯ ನಾಯಕತ್ವ. ನಾಯಕನಾದವನು ಹಳೆಯ ಪದ್ಧತಿಯನ್ನು ಪ್ರಶ್ನಿಸಬೇಕು ಎಂದು ಅಲ್ಲಿ ಟೈ ಕಟ್ಟಿದ ಒಬ್ಬ ಬಿಳಿಯನು ಹೇಳಿದನಂತೆ. ಬೇರೆಯವರು ಅಲ್ಲಿಯ ಊಟ ತಿಂದು ಮಾತು ಮರೆತರು. ಸೋಮನಾಥ ಊಟ ಮರೆತು ಮಾತು ಹಿಡಿದುಕೊಂಡು ಬಂದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಫ್ರಿಜ್ಜಿನ ಮೇಲ್ಗಡೆ ಮೊಳೆ ಹೊಡೆದ. ಅಂದಿನಿಂದ ನೀರು ಕುಡಿಯಲು ಹೋದವರೆಲ್ಲ ಅದಕ್ಕೆ ತಲೆಬಾಗಿಯೇ ಬರಬೇಕಾಯಿತು, ಏಕೆಂದರೆ ಮೊಳೆ ಸ್ವಲ್ಪ ಹೊರಗೆ ಚಾಚಿತ್ತು.

ಮೊದಲು ಅವನು ಕೈ ಹಾಕಿದ್ದು ಚಹಾಕ್ಕೆ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಚಹಾ ಕುದಿಸುವುದು ಗುಲಾಮಗಿರಿಯ ಗುರುತು, ಅವರವರ ಚಹಾ ಅವರವರು ಮಾಡಿಕೊಳ್ಳಬೇಕು ಎಂದ. ಒಂದು ವಾರ ಒಲೆಯ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು ನಿಂತಿತು, ಅರ್ಧ ಜನ ಚಹಾ ಇಲ್ಲದೆ ಡ್ಯೂಟಿಗೆ ಓಡಿದರು. ಎಂಟನೆಯ ದಿನ ಪಾತ್ರೆ ತಾನಾಗಿಯೇ ಒಲೆಯ ಮೇಲೆ ಬಂದು ಕೂತಿತು. ಸೋಮನಾಥ ಮೊದಲ ಲೋಟ ತೆಗೆದುಕೊಂಡು, "ಈಗ ನೋಡ್ರಿ, ನಾವು ವಿಚಾರ ಮಾಡಿ ಕೂಡಿ ಕುಡಿಯಾಕತ್ತೀವಿ. ಮೊದಲ ವಿಚಾರ ಇಲ್ಲದ ಕುಡೀತಿದ್ವಿ," ಎಂದ. ಇಂಥವನಿಗೆ ಸೋಲು ಎಂಬುದು ಹೇಗೆ ಬರಬೇಕು?

ಲತೀಫನ ರಜೆಯ ಸುದ್ದಿ ಬಂದ ಶುಕ್ರವಾರ, ಜುಮ್ಮಾ ಮುಗಿದು ಬಿರಿಯಾನಿಯೂ ಮುಗಿದ ಮೇಲೆ, ಸೋಮನಾಥ ಹಜಾರದ ನಡುವೆ ಎದ್ದು ನಿಂತ.

"ನಾವು ಮನುಷ್ಯಾರೋ, ಹೇಸರಗತ್ತಿಗಳೋ?" ಎಂದು ಕೇಳಿದ. ಹೊಟ್ಟೆ ತುಂಬಿದವರು ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದರು. "ಎರಡು ವರ್ಷಕ್ಕ ಒಮ್ಮೆ ಊರಿಗೆ ಹೋಗಾಂವ ತನ್ನ ಹೆಂಡ್ತಿ ಮಕ್ಕಳಿಗೆ ಏನೂ ಒಯ್ಯೂದಿಲ್ಲ, ಊರವರ ಡಬ್ಬಿ ಹೊರತಾನ. ಯಾರು ಮಾಡಿದ್ದು ಈ ಪದ್ಧತಿ? ಯಾರರ ಒಬ್ಬರು ಮುರೀಬೇಕಲ್ಲ? ಇವತ್ತಿನಿಂದ ಯಾರೂ ಯಾರಿಗೂ ಏನೂ ಕೊಡೂದು ಬ್ಯಾಡ. ಖಲಾಸ್!"

ಚಪ್ಪಾಳೆ ಬಿತ್ತು. ಅಲ್ಲಿ ಕೂತವರೆಲ್ಲ ಒಮ್ಮೆಯಲ್ಲ ಒಮ್ಮೆ ಇನ್ನೊಬ್ಬರ ಡಬ್ಬ ಹೊತ್ತು ಸೊಂಟ ಮುರಿದುಕೊಂಡವರೇ. ತಾವೂ ಕೊಟ್ಟವರು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

"ಊರಿನವರು ಬಸ್ ಸ್ಟ್ಯಾಂಡಿಗೆ ಬಂದು ನಿಂತರೆ?" ಎಂದು ಲತೀಫ ಮೆಲ್ಲಗೆ ಕೇಳಿದ.

"ಬರಬಾರದು ಅಂತ ಎಲ್ಲಾರೂ ಮನೀಗೆ ಕಾಗದ ಬರೀರಿ. ಸ್ಟ್ಯಾಂಡಿಗೂ ಬರೂದು ಬ್ಯಾಡ, ಲತೀಫ್ ಭಾಯಿ ಮನೀಗೂ ಹೋಗೂದು ಬ್ಯಾಡ. ಸ್ಪಷ್ಟ ಬರೀರಿ. ಲತೀಫ್ ಭಾಯಿ, ನೀವು ನಮ್ಮ ಚಳವಳಿಯ ಬಾವುಟ!"

"ಆಗಲಿ ಮಾರಾಯ್ರೆ," ಎಂದಿತು ಬಾವುಟ.

ಎಲ್ಲರೂ ಕಾಗದ ಬರೆದರು. ಗದುಗಿನ ಕಡೆಯ ಶಂಭುಲಿಂಗಪ್ಪ, ವಿಲ್ಲಾದಲ್ಲೇ ಹಿರಿಯ, ವೆಲ್ಡಿಂಗ್ ಕೆಲಸದವನು, ಮಾತ್ರ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. "ಏನೋ ಮರತೀವಿ ಅನಸ್ತೈತಿ," ಎಂದ. ಏನು ಎಂದು ಅವನಿಗೂ ಹೊಳೆಯಲಿಲ್ಲ. ಅವನೂ ಬರೆದ.

ಲತೀಫ ಸೈಕಲ್ ಕೊಂಡ. ಕೆಂಪು ಬಣ್ಣ, ಮುಂದೆ ಬಿಳಿ ಬುಟ್ಟಿ, ಹಿಡಿಯ ತುದಿಗೆ ಜೂಲು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ ರೂಢಿಯಂತೆ ಮಾರ್ಕರು ಕೈಗೆ ತೆಗೆದುಕೊಂಡ. ಆಮೇಲೆ, ನನ್ನದೇ ಪೆಟ್ಟಿಗೆಗೆ ಯಾವ ಹೆಸರು ಎಂದು ನಗು ಬಂದು ಮಾರ್ಕರನ್ನು ಕೆಳಗಿಟ್ಟ. ವಿಮಾನ ನಿಲ್ದಾಣದಲ್ಲಿ ತೂಕದವನು ಏನೂ ಹೇಳದೆ ಚೀಟಿ ಅಂಟಿಸಿದ. ಹುಬ್ಬಳ್ಳಿಯಲ್ಲಿ ಬಸ್ಸು ನಿಂತಾಗ ಲತೀಫ ಜೀವಮಾನದಲ್ಲಿ ಮೊದಲ ಸಲ ಆ ಸ್ಟ್ಯಾಂಡಿನಲ್ಲಿ ಕೂತು ಊಟ ಮಾಡಿದ. ಊಟ ಚೆನ್ನಾಗಿರಲಿಲ್ಲ ಎಂಬುದೂ ಅವನಿಗೆ ಅವತ್ತೇ ಗೊತ್ತಾಯಿತು.

ಮನೆಯಲ್ಲಿ ಹಿಬಾ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು. ಆ ಕಡೆಯಿಂದಲೂ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿ ಕೇಳಿದಳು:

"ಇದಕ್ಕೆ ಹೆಸರೇ ಇಲ್ಲ ಬಾಪಾ. ಯಾರ ಮನೆಗೆ ಕೊಡುದು?"

ಗಲ್ಫಿನಿಂದ ಬರುವ ಯಾವುದೂ ತನ್ನದಲ್ಲ ಎಂದು ತನ್ನ ಮಗು ಇಷ್ಟು ಚೆನ್ನಾಗಿ ಪಾಠ ಕಲಿತಿದೆಯಲ್ಲ, ಆ ಪಾಠ ಹೇಳಿಕೊಟ್ಟ ಮಾಸ್ತರು ತಾನೇ ಅಲ್ಲವೇ ಎಂದು ಲತೀಫನಿಗೆ ನಾಚಿಕೆಯಾಯಿತು. ಹಗ್ಗವನ್ನು ಅವನೇ ಕೊಯ್ದ. ಸೈಕಲ್ಲು ಹೊರಗೆ ಬಂತು. ಝಾಹಿದಾ ಬಾಗಿಲಲ್ಲಿ ನಿಂತು ನೋಡಿದಳು, ಈ ಸಲ ಪಾತ್ರೆ ತೊಳೆಯಲು ಹೋಗಲಿಲ್ಲ. ಸಂಜೆಯವರೆಗೆ ಹಿಬಾ ಅಂಗಳದಲ್ಲಿ ತಿರುಗಿದ್ದೇ ತಿರುಗಿದ್ದು. ಕೊರತೆ ಒಂದೇ, ಸೈಕಲ್ಲಿಗೆ ಬೆಲ್ಲು ಇರಲಿಲ್ಲ. ಪೇಟೆಯಲ್ಲಿ ಸಿಕ್ಕಿದ ಬೆಲ್ಲು ಆ ದಪ್ಪ ಹಿಡಿಗೆ ಕೂರಲಿಲ್ಲ. ಅಲ್ಲಿಂದಲೇ ಕಳಿಸುತ್ತೇನೆ ಎಂದು ಲತೀಫ ಹೇಳಿದ. ಅಲ್ಲಿಯವರೆಗೆ ಅವಳು ಬಾಯಲ್ಲೇ "ಟ್ರಿಣ್" ಎನ್ನುತ್ತ ಓಡಿಸಿದಳು.

ಕಾಗದಗಳು ಕೆಲಸ ಮಾಡಿದ್ದವು. ಪೊಟ್ಟಣ ಕೇಳಿಕೊಂಡು ಯಾರೂ ಬರಲಿಲ್ಲ. ಬಂದವಳು ವಿಲ್ಲಾದ ಹುಡುಗ ಜಾಬಿರನ ತಾಯಿ ಒಬ್ಬಳೇ. "ಕೊಡ್ಲಿಕ್ಕೆ ತಗೊಳ್ಳಿಕ್ಕೆ ಬಂದದ್ದಲ್ಲ ಮಗಾ. ನೀನು ಅವನನ್ನು ನೋಡಿ ಬಂದವನಲ್ವಾ, ನಿನ್ನನ್ನು ನೋಡುವಾ ಅಂತ ಬಂದೆ," ಎಂದಳು. ಅವಳ ಶಾಲಿನ ಮರೆಯಲ್ಲಿ ಒಂದು ಭರಣಿ ಇತ್ತು. ಮಗನಿಗೆ ಪ್ರೀತಿಯ ಮಾವಿನ ಉಪ್ಪಿನಕಾಯಿ ಇರಬೇಕು. ಏನೂ ಕೊಡಬಾರದೆಂದು ಮಗನೇ ಬರೆದಿದ್ದನಲ್ಲ, ಅವಳು ಅದನ್ನು ಹೊರಗೆ ತೆಗೆಯಲಿಲ್ಲ. ಲತೀಫ ನೋಡಿದ. ತಾನು ಬಾವುಟ ಎಂಬುದು ನೆನಪಾಗಿ ಬಾಯಿ ಬಿಡಲಿಲ್ಲ. ಭರಣಿ ಬಂದ ಹಾಗೆಯೇ ವಾಪಸು ಹೋಯಿತು. ಆ ಮುದುಕಿ ಗೇಟು ದಾಟುವವರೆಗೂ ಅವನು ಅಂಗಳದಲ್ಲೇ ನಿಂತು ನೋಡಿದ.

ರಜೆ ಮುಗಿಸಿ ಅವನು ಮುಐದರಿಗೆ ವಾಪಸು ಬಂದ ದಿನ ವಿಲ್ಲಾದ ಬಾಗಿಲಲ್ಲೇ ಅಷ್ಟೂ ಜನ ನಿಂತಿದ್ದರು. ಎಂದಿನಂತೆ ಒಬ್ಬ ಬ್ಯಾಗು ತೆಗೆದುಕೊಂಡ, ಒಬ್ಬ ಪೆಟ್ಟಿಗೆ ಇಳಿಸಿದ. ಪೆಟ್ಟಿಗೆ ಹಗುರವಾಗಿ ಮೇಲೆ ಬಂತು. ಇಳಿಸಿದವನ ಮುಖ ಬಾಡಿತು.

"ನಮ್ಮವ್ವ ರೊಟ್ಟಿ ಕೊಟ್ಟಿರಬೇಕಲ್ಲರಿ?" ಎಂದ ಸೋಮನಾಥ. "ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪ್ರತಿ ಸಲ ಹುಬ್ಬಳ್ಳಿ ಸ್ಟ್ಯಾಂಡಿಗೆ ತಂದು ಕೊಡತಾಳ."

"ಸ್ಟ್ಯಾಂಡಿಗೆ ಬರಬಾರದು ಅಂತ ನೀವೇ ಬರೆದದ್ದಲ್ವಾ," ಎಂದ ಲತೀಫ.

ಆಗ ಶಂಭುಲಿಂಗಪ್ಪ ತನ್ನ ಹಣೆಗೆ ತಾನೇ ಹೊಡೆದುಕೊಂಡ. "ಇದಾ ನೋಡ್ರಿ ನಾವು ಮರತಿದ್ದು!" ಎಂದ. ಹೋಗುವ ಡಬ್ಬವನ್ನು ನಿಲ್ಲಿಸಿದ್ದರು. ಬರುವ ಡಬ್ಬವೂ ಅದೇ ಬಸ್ಸಿನಲ್ಲಿ, ಅದೇ ಮನುಷ್ಯನ ಹೆಗಲ ಮೇಲೆ ಬರುತ್ತದೆ ಎಂಬುದು ಅಷ್ಟು ಮಂದಿಯಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಯಾರಾದರೂ ಊರಿಗೆ ಹೋಗಿ ಬಂದಾಗಷ್ಟೇ ಅವ್ವನ ಕೈರುಚಿ ನೋಡುತ್ತಿದ್ದವರೆಲ್ಲ ತಮ್ಮ ಕೈಯಾರೆ ಬರೆದ ಕಾಗದದಿಂದ ಅದಕ್ಕೆ ಕಲ್ಲು ಹಾಕಿಕೊಂಡಿದ್ದರು.

ಆದರೆ ಸಿಟ್ಟು ಹೋಗಿದ್ದು ಕಾಗದ ಬರೆದ ಕೈಯ ಮೇಲಲ್ಲ, ಬರಿಗೈಯಲ್ಲಿ ಬಂದ ಲತೀಫನ ಮೇಲೆ. ಉಪ್ಪಿನಕಾಯಿ ಭರಣಿಯ ಸಂಗತಿ ಕೇಳಿದ ಜಾಬಿರ್ ಕಣ್ಣು ತುಂಬಿಕೊಂಡು, "ನೋಡಿಯೂ ಹಾಗೇ ಬಿಟ್ಟಿರಾ ಲತೀಫಾಕ? ನಿಮಗೆ ಕೈ ಇರ್ಲಿಲ್ವಾ?" ಎಂದ. ಆ ರಾತ್ರಿಯ ಊಟಕ್ಕೆ ಲತೀಫನನ್ನು ಯಾರೂ ಕರೆಯಲಿಲ್ಲ. ಬಾವುಟವನ್ನು ಮಡಚಿ ಮೂಲೆಗಿಡುವುದು ಜನರಿಗೆ ಎಷ್ಟು ಹೊತ್ತಿನ ಕೆಲಸ!

ಮುಂದಿನ ಶುಕ್ರವಾರ ಸೋಮನಾಥ ಮತ್ತೆ ಎದ್ದು ನಿಂತ. ತಾನು ತಪ್ಪಿದೆ ಎಂದು ಹೇಳುತ್ತಾನೇನೋ ಎಂದು ಲತೀಫ ಆಸೆಪಟ್ಟ.

"ಪದ್ಧತಿ ಮುರಿಯೂದು ಮೊದಲನೇ ಹೆಜ್ಜಿ," ಎಂದ ಸೋಮನಾಥ. "ಈಗ ಎರಡನೇ ಹೆಜ್ಜಿ. ಕೊಡೂದರಾಗ ಎರಡು ಥರ ಅದಾವ. ಒಂದು ಅಗತ್ಯ, ಒಂದು ರೂಢಿ. ಅಗತ್ಯ ಇದ್ದದ್ದು ಹೋಗಲಿ, ರೂಢಿ ಇದ್ದದ್ದು ಬ್ಯಾಡ. ಯಾವುದು ಯಾವುದು ಅಂತ ಯಾರರ ಒಬ್ಬರು ನೋಡಿ ಹೇಳಬೇಕಾಗ್ತದ."

ಆ ಯಾರಾದರೂ ಒಬ್ಬರು ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಅಂದಿನಿಂದ ಊರಿಗೆ ಹೊರಡುವವನ ಕೈಗೆ ಪೊಟ್ಟಣ ಕೊಡುವ ಮೊದಲು ಸೋಮನಾಥನ ಮುಂದೆ ಇಡಬೇಕಾಯಿತು. ಅವನು ಕುರ್ಚಿಯಲ್ಲಿ ಕೂತು, ಪೊಟ್ಟಣವನ್ನು ಕೈಯಲ್ಲಿ ತೂಗಿ, ಮೂಸಿ, "ಅಗತ್ಯ" ಎಂದೋ "ರೂಢಿ" ಎಂದೋ ತೀರ್ಪು ಕೊಡುತ್ತಿದ್ದ. ಅವನಿಗೆ ಸಿಗರೇಟು ಕೊಡುವವರ ಪೊಟ್ಟಣಗಳಲ್ಲಿ ಅಗತ್ಯ ಹೆಚ್ಚಾಗಿ ಕಂಡುಬರುತ್ತಿತ್ತು. ಹೀಗೆ ಪದ್ಧತಿಯನ್ನು ಮುರಿಯಲು ಬಂದವನು ತಾನೇ ಒಂದು ಪದ್ಧತಿಯಾಗಿ ಕುರ್ಚಿಯಲ್ಲಿ ಕೂತ. ಹಳೆಯದಾದರೆ ಭಾರ ಮಾತ್ರ ಹೊರಿಸುತ್ತಿತ್ತು, ಹೊಸದು ಕೈಮುಗಿಸುವುದನ್ನೂ ಕಲಿಸಿತು.

ಕೆಲವು ತಿಂಗಳಿಗೆ ಸೋಮನಾಥನಿಗೇ ರಜೆ ಬಂತು. ಅಷ್ಟರಲ್ಲಿ ಲತೀಫ ಅಲ್ ಸದ್ದಿನ ಅಂಗಡಿಗಳನ್ನೆಲ್ಲ ಸುತ್ತಿ ಆ ದಪ್ಪ ಹಿಡಿಗೆ ಕೂರುವಂಥ ಬೆಲ್ಲು ಹುಡುಕಿ ತಂದಿಟ್ಟಿದ್ದ. ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಮಂಗಳೂರು ಬಸ್ಸಿನ ಕಂಡಕ್ಟರನ ಕೈಗಿತ್ತರೆ ಸಾಕು, ಝಾಹಿದಾಳ ತಮ್ಮ ಮಂಗಳೂರಿನಲ್ಲಿ ಇಳಿಸಿಕೊಳ್ಳುತ್ತಾನೆ. ಹೊರಡುವ ದಿನ ಮಧ್ಯಾಹ್ನ ಲತೀಫ ಅದನ್ನು ಹಿಡಿದುಕೊಂಡು ಹಜಾರಕ್ಕೆ ಬಂದ. ಇಷ್ಟು ವರ್ಷ ಬೇರೆಯವರದನ್ನು ಹೊತ್ತ ಅವನು ಒಬ್ಬರ ಕೈಗೆ ತನ್ನದೊಂದು ಕೊಡಲು ಹೊರಟದ್ದು ಇದೇ ಮೊದಲು.

ಸೋಮನಾಥನ ಎರಡು ದೊಡ್ಡ ಪೆಟ್ಟಿಗೆಗಳು ಹಗ್ಗ ಬಿಗಿದುಕೊಂಡು ನಿಂತಿದ್ದವು. ಒಂದರಲ್ಲಿ ವಿಡಿಯೋ ಪ್ಲೇಯರು, ಇನ್ನೊಂದರಲ್ಲಿ ಹೊದಿಕೆ, ಮಿಕ್ಸರು, ಊಟದ ಪಿಂಗಾಣಿ ಸೆಟ್ಟು. ಎಲ್ಲವೂ ಅಗತ್ಯ.

"ಮಗಳ ಸೈಕಲಿಂದು, ಸೋಮನಾಥರೇ. ಸಣ್ಣದು. ಭಾರ ಇಲ್ಲ," ಎಂದ ಲತೀಫ.

ಸೋಮನಾಥ ಬೆಲ್ಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಬೆಲ್ ರೂಢಿ ಆತಲ್ಲರಿ, ಲತೀಫ್ ಭಾಯಿ. ಬೆಲ್ ಇಲ್ಲದನೂ ಸೈಕಲ್ ಹೋಗ್ತದ. ಆಗೂದಿಲ್ಲ," ಎಂದ.

ಲತೀಫನಿಗೆ ಅವಮಾನಕ್ಕಿಂತ ಮೊದಲು ಆಶ್ಚರ್ಯವೇ ಆಯಿತು. ಆಗುವುದಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಬಹುದೇ? ಹೇಳಿದವನು ಬೆವರಲಿಲ್ಲ, ತಡವರಿಸಲಿಲ್ಲ, ಮಾಡು ಕಳಚಿ ಅವನ ತಲೆಯ ಮೇಲೆ ಬೀಳಲೂ ಇಲ್ಲ. ಈ ಒಂದು ಮಾತನ್ನು ಹೇಳಲಾರದೆ ತಾನು ಇಷ್ಟು ವರ್ಷ ಹೆಂಡತಿಯ ಮುಖ ನೋಡಲು ಹೆದರಿದ್ದೆನೇ? ಆಮೇಲೆ ಅವಮಾನವೂ ಬಂತು. ಅವನು ಬೆಲ್ಲನ್ನು ಜೇಬಿಗೆ ಹಾಕಿಕೊಂಡ.

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಸೋಮನಾಥ ಪೆಟ್ಟಿಗೆಯ ಒಂದು ತುದಿ ಹಿಡಿದು, ಎಂದಿನ ದನಿಯಲ್ಲಿ, "ಯಲ್ಲಾ ಲತೀಫ್ ಭಾಯಿ, ಆ ಕಡೀ ಹಿಡೀರಿ," ಎಂದ.

ವಿಲ್ಲಾದಲ್ಲಿ ಯಾರು ಹೊರಟರೂ ಪೆಟ್ಟಿಗೆಯ ಆ ಕಡೆ ಹಿಡಿಯುವವನು ಲತೀಫನೇ. ಅವನ ಕೈ ತಾನಾಗಿ ಹಗ್ಗದವರೆಗೆ ಹೋಯಿತು. ಅಲ್ಲಿ ನಿಂತಿತು.

"ಆಗುದಿಲ್ಲ," ಎಂದ ಲತೀಫ.

ಒಲೆಯ ಹತ್ತಿರ ಇದ್ದ ಜಾಬಿರ್ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದ. ಲತೀಫಾಕನ ಬಾಯಿಂದ ಆ ಶಬ್ದ ಬಂದದ್ದನ್ನು ಅಲ್ಲಿ ಯಾರೂ ಕೇಳಿದವರಲ್ಲ.

"ಏನಂದ್ರಿ?" ಎಂದ ಸೋಮನಾಥ.

"ಎತ್ತಿ ಕೊಡುದು ರೂಢಿ ಅಲ್ವಾ ಮಾರಾಯ್ರೆ. ರೂಢಿ ಬಿಡ್ಬೇಕು ಅಂತ ನೀವೇ ಹೇಳಿದ್ದು. ನಾನು ಎತ್ತದಿದ್ರೂ ಪೆಟ್ಟಿಗೆ ಹೋಗ್ತದೆ."

ಶಂಭುಲಿಂಗಪ್ಪ ಮೊದಲು ನಕ್ಕ. ಅವನ ನಗು ಹೊಟ್ಟೆಯಿಂದ ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಆಮೇಲೆ ಜಾಬಿರ್ ನಕ್ಕ, ಆಮೇಲೆ ಉಳಿದವರು. ಸೋಮನಾಥ ಸುತ್ತ ನೋಡಿದ. ಯಾರ ಕೈಯೂ ಜೇಬಿನಿಂದ ಹೊರಗೆ ಬರಲಿಲ್ಲ. ನಾಯಕನು ತನ್ನ ಅಗತ್ಯವನ್ನು ತಾನೇ ಮೆಟ್ಟಿಲ ಮೇಲಿಂದ ಒಂದೊಂದಾಗಿ ಎಳೆದುಕೊಂಡು ಇಳಿದ. ಪಿಂಗಾಣಿ ಪ್ರತಿ ಮೆಟ್ಟಿಲಿಗೂ ಮಾತಾಡಿತು. ಎರಡನೆಯ ಪೆಟ್ಟಿಗೆಗೆಂದು ಮೇಲೆ ಬಂದವನು ಸಿಟ್ಟಿನಲ್ಲಿ ನೀರು ಕುಡಿಯಲು ಫ್ರಿಜ್ಜಿಗೆ ಹೋಗಿ, ತಲೆ ಬಗ್ಗಿಸುವುದನ್ನು ಮರೆತು, ತಾನೇ ಹೊಡೆದ ಮೊಳೆಗೆ ಹಣೆ ತಾಗಿಸಿಕೊಂಡ.

ಟ್ಯಾಕ್ಸಿ ಹೋದ ಮೇಲೆ ಲತೀಫ ಮಂಚದ ಮೇಲೆ ಕೂತ. ಕೂತಾಗ ಜೇಬಿನಲ್ಲಿ ಬೆಲ್ಲು ಸಣ್ಣಗೆ ಸದ್ದು ಮಾಡಿತು. ಗೆದ್ದೆ ಎಂಬ ಖುಷಿ ಅವನಿಗೆ ಇತ್ತು; ಆದರೂ ಬೆಲ್ಲು ಇನ್ನೂ ಕತಾರಿನಲ್ಲೇ ಇತ್ತಲ್ಲ, ಅದು ಚುಚ್ಚುತ್ತಿತ್ತು.

ಶಂಭುಲಿಂಗಪ್ಪ ಬಂದು ಪಕ್ಕದಲ್ಲಿ ಕೂತು ಕೈ ಚಾಚಿದ. "ಕೊಡ್ರಿ ಇಲ್ಲೆ. ಮುಂದಿನ ತಿಂಗಳ ನಾ ಹೊಂಟೀನಿ. ಕಂಡಕ್ಟರನ ಕೈಯಾಗ ನಾ ಕೊಡತೀನಿ."

"ನಿಮಗೆ ಭಾರ ಆಗುದಿಲ್ವಾ?"

"ಭಾರ ಅಂದರ ಬ್ಯಾಡ ಅಂತೀನ್ರಿ. ಈಗ ಹೆಂಗ ಅನಬೇಕು ಅಂತ ನೀವಾ ಕಲಿಸಿದ್ರೆಲ್ಲ," ಎಂದ ಶಂಭುಲಿಂಗಪ್ಪ. "ಜಾಬಿರಗ ಹೇಳ್ರಿ, ಅವ್ವಗ ಒಂದು ಕಾಗದ ಬರೀಲಿ. ಆ ಭರಣಿ ಹುಬ್ಬಳ್ಳಿ ತನಕ ಬಂದರ ನಾ ತರತೀನಿ."

ಲತೀಫ ಬೆಲ್ಲನ್ನು ಹಳೆಯ ಬನಿಯನಿನ ತುಂಡಿನಲ್ಲಿ ಸುತ್ತಿ, ಮೇಲೆ ಕಂದು ಕಾಗದ ಸುತ್ತಿದ. ಮಾರ್ಕರು ಹುಡುಕಿ ತಂದ. ಮೊಣಕಾಲ ಮೇಲೆ ಪೊಟ್ಟಣ ಇಟ್ಟುಕೊಂಡು, ಮಗಳು ದೂರದಿಂದಲೇ ಓದಿ ತಿಳಿಯಲಿ, ಯಾರ ಮನೆಗೆ ಎಂದು ಈ ಸಲ ಯಾರನ್ನೂ ಕೇಳಬೇಕಾಗದಿರಲಿ ಎಂದು, ಹಜಾರದಲ್ಲಿ ಮಲಗುವ ಅಷ್ಟೂ ಜನರಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದ: ಹಿಬಾ.